ಕಂಪ್ಯೂಟರಿಗೆ ಕಾಣದ ಪೆನ್ ಡ್ರೈವ್

ಮದರ್‌ಬೋರ್ಡ್ ಸುಟ್ಟಿರಬಹುದು. ವೈರಸ್ ಹೊಕ್ಕಿರಬಹುದು. ಪೆನ್ ಡ್ರೈವೇ ಸತ್ತಿರಬಹುದು. ಇಲ್ಲವೇ ನಾನು ಯಾರಿಗೂ ಹೇಳದೆ ಹಾಕಿದ್ದ ಕಾರ್ ರೇಸಿನ ಸೀಡಿ ಎಲ್ಲವನ್ನೂ ಹಾಳುಮಾಡಿರಬಹುದು. ನನ್ನ ಪ್ರಕಾರ ಈ ಕೊನೆಯದೇ ಖಾತ್ರಿ.

ಬಾಡಿದ ಸೇವಂತಿಗೆಯ ವಾಸನೆ ಬಂದರೆ ಈ ವಯಸ್ಸಿನಲ್ಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ. ಅವತ್ತು ದಸರಾ ಮುಗಿದ ಮಾರನೆಯ ದಿನ. ಕತ್ರಿಗುಪ್ಪೆಯ ನಮ್ಮ ಮನೆಯ ಅಸೆಂಬಲ್ಡ್ ಕಂಪ್ಯೂಟರಿನ ಮೇಲೆ ಆಯುಧಪೂಜೆಯ ಹಾರ ಇನ್ನೂ ಹಾಗೇ ಇತ್ತು. ಅಕ್ಕನ ಕಾಲೇಜಿನ ಪ್ರಾಜೆಕ್ಟ್ ಅದರೊಳಗೆ ಸಿಕ್ಕಿಕೊಂಡಿತ್ತು. ಸಂಜೆ ನಾಲ್ಕರೊಳಗೆ ಕೊಡದಿದ್ದರೆ ಅವಳು ಫೇಲು. ಪೆನ್ ಡ್ರೈವ್ ಎಷ್ಟು ಸಲ ಚುಚ್ಚಿದರೂ ಕಂಪ್ಯೂಟರಿಗೆ ಅದು ಕಾಣುತ್ತಲೇ ಇರಲಿಲ್ಲ.

ಆ ಕಂಪ್ಯೂಟರನ್ನು ಜೋಡಿಸಿಕೊಟ್ಟಿದ್ದ ಮಂಜಣ್ಣ ಬರುವಷ್ಟರಲ್ಲಿ ಮೂರಾಗಿತ್ತು. ರೀಸ್ಟಾರ್ಟ್ ಮಾಡಿ ನೋಡಿದ. ಆಗಲಿಲ್ಲ.

"ಯಾರಾದ್ರೂ ಇದಕ್ಕೆ ಏನಾದ್ರೂ ಹಾಕಿದ್ರಾ?"

"ನಾನೇ ಅಣ್ಣ, ಗೇಮ್ ಸೀಡಿ..." ಎಂದು ಅತ್ತೇಬಿಟ್ಟೆ.

"ನಿಂಗೆ ಆಮೇಲಿದೆ ಕಣೋ," ಎಂದಳು ಅಕ್ಕ. ಅವಳ ಕಣ್ಣಲ್ಲೂ ನೀರಿತ್ತು.

ಮಂಜಣ್ಣ ಸ್ವಿಚ್ ಆರಿಸಿ, ಪೆನ್ ಡ್ರೈವ್ ಚುಚ್ಚುವ ತೂತಿಗೆ ಟಾರ್ಚ್ ಹಿಡಿದು ಇಣುಕಿದ. "ಅಜ್ಜಿ, ನಿಮ್ ಹೇರ್‌ಪಿನ್ ಕೊಡಿ."

ಅಜ್ಜಿ ತುರುಬಿನಿಂದ ಪಿನ್ನು ಕಿತ್ತುಕೊಟ್ಟಳು. "ಹುಷಾರಪ್ಪ. ಮಗು ಪಾಸಾಗ್ಲಿ ಅಂತ ಕೈತುಂಬಾ ಹಾಕಿ ಪೂಜೆ ಮಾಡಿದೀನಿ."

ಪಿನ್ನಿನ ಜೊತೆ ಹೊರಬಂದದ್ದು ಅಕ್ಷತೆಯ ಒಂದೇ ಒಂದು ಕಾಳು.

ಕಂಪ್ಯೂಟರು ಮತ್ತೆ ಆನ್ ಆಗಿ, ಪೆನ್ ಡ್ರೈವ್ ಕಂಡು ಟಿಣ್ ಎಂದಿತು. ಅಕ್ಕ ಪ್ರಾಜೆಕ್ಟನ್ನು ಅದಕ್ಕೆ ಹಾಕಿಕೊಂಡಳು. ಅಜ್ಜಿ ಆ ಕಾಳನ್ನು ಹೆಕ್ಕಿ ಅಕ್ಕನ ತಲೆಯ ಮೇಲೆ ಹಾಕಿದಳು.

"ಹೊರಡೇ, ಹೊತ್ತಾಯ್ತು."