ಓಣಿ ಸುತ್ತಿ ಬಂದ ಹಮ್ಮಸ್

"ಇದೇನವ್ವಾ, ಹಲ್ಲು ಬರದ ಕೂಸಿಗೆ ಉಣಸಾಕ ಮಾಡಿಯೇನು?"

ಸಾವಿತ್ರೆವ್ವ ಬೋಗುಣಿಯೊಳಗೆ ಇಣುಕಿ ಮೂಗು ಮುರಿದಳು. "ಹಮ್ಮಸ್ ಅಂತಾರ್ರಿ ಅತ್ತಿ. ಕಾಬೂಲಿ ಕಡ್ಲಿ ಕುದಿಸಿ, ಎಳ್ಳು, ಬೆಳ್ಳೊಳ್ಳಿ, ಲಿಂಬಿಹಣ್ಣು ಹಾಕಿ ರುಬ್ಬೇನಿ. ಒಂದ್ ತುತ್ತು ನೋಡ್ರಿ," ಎಂದಳು ಸೊಸೆ ವಾಣಿಶ್ರೀ.

"ಹಸಿ ಬೆಳ್ಳೊಳ್ಳಿ! ಒಗ್ಗರಣಿ ಇಲ್ಲ, ಖಾರ ಇಲ್ಲ. ನಾ ಒಲ್ಲೆ."

ವಾಣಿಶ್ರೀ ಈ ಮನೆಗೆ ಬಂದು ಆರು ತಿಂಗಳು. ಅವಳ ಅಡುಗೆಗೆ ಅತ್ತೆಯ ಬಾಯಿಂದ "ಚಲೋ ಆಗೇತಿ" ಎಂಬ ಮಾತು ಒಮ್ಮೆಯೂ ಬಿದ್ದಿಲ್ಲ. ಆ ಒಂದು ಮಾತಿಗಾಗಿಯೇ ಬೆಳಗಿನಿಂದ ರುಬ್ಬಿದ್ದಳು ಪಾಪ! ಅರ್ಧ ಹಮ್ಮಸ್ಸನ್ನು ಡಬ್ಬಿಗೆ ತುಂಬಿ ಫ್ರಿಜ್ಜಿಗೆ ತಳ್ಳಿ, ಸಿಟ್ಟಿನಿಂದ ಬಟ್ಟೆ ಒಣಹಾಕಲು ಮಾಳಿಗೆ ಏರಿದಳು.

ಸೊಸೆ ಅತ್ತ ಹೋದದ್ದೇ ತಡ, ಸಾವಿತ್ರೆವ್ವನ ಕಣ್ಣು ಪಕ್ಕದ ಮನೆಯ ಬಾನುಬಿಯ ಬಟ್ಟಲಿನ ಮೇಲೆ ಬಿತ್ತು. ನಿನ್ನೆ ರಂಜಾನ್ ಹಬ್ಬದ ಸುರಕುಂಬಾ ಪಾಯಸ ತುಂಬಿಕೊಂಡು ಬಂದಿದ್ದ ಬಟ್ಟಲು. ಲಕ್ಷ್ಮೇಶ್ವರದ ಆ ಓಣಿಯಲ್ಲಿ ಬಂದ ಬಟ್ಟಲನ್ನು ಖಾಲಿ ತಿರುಗಿಸಿದವರಿಲ್ಲ. ಬೋಗುಣಿಯಲ್ಲಿ ಉಳಿದದ್ದನ್ನೆಲ್ಲ ಅದಕ್ಕೆ ಸುರಿದು ಕೊಟ್ಟು ಬಂದಳು. ಪೀಡೆ ಕಳೆಯಿತು.

ಮಧ್ಯಾಹ್ನ ಎದುರುಮನೆಯ ಶಂಕ್ರೆವ್ವ ಬಂದಳು. ಕೈಯಲ್ಲಿ ಹಿಂದೊಮ್ಮೆ ಇವರ ಮನೆಯಿಂದ ಹೋಗಿದ್ದ ಸ್ಟೀಲ್ ಬಟ್ಟಲು, ಅದರ ತುಂಬ ಏನೋ ಮೆತ್ತಗಿನದು, ಮೇಲೆ ಸಾಸಿವೆ, ಕರಿಬೇವು, ಕೆಂಪು ಖಾರದ ಒಗ್ಗರಣೆ. ಸಾವಿತ್ರೆವ್ವ ರೊಟ್ಟಿಯನ್ನು ಪುಡಿ ಮಾಡಿ ಕಲಸಿಕೊಂಡು ತಿಂದಳು. ಇನ್ನೊಂದು ರೊಟ್ಟಿ ಪುಡಿ ಮಾಡಿದಳು.

"ಆಹಾ, ಏನ್ ಕೈಗುಣ ಶಂಕ್ರೆವ್ವಂದು! ಹೋಗು ವಾಣಿ, ಹೆಂಗ ಮಾಡೂದು ಕೇಳ್ಕೊಂಡು ಬಾ. ನಿನಗೂ ನಾಕು ಅಡಗಿ ಬರಲಿ."

ವಾಣಿಶ್ರೀ ಬೆರಳದ್ದಿ ನೆಕ್ಕಿದಳು. ಎಳ್ಳು, ಲಿಂಬೆಹುಳಿ! ಎದ್ದು ಶಂಕ್ರೆವ್ವನ ಮನೆಗೆ ಹೊರಟಳು.

"ನಾ ಎಲ್ಲಿ ಮಾಡೇನಿ ತಂಗಿ?" ಎಂದಳು ಶಂಕ್ರೆವ್ವ. "ಬಾನುಬಿ ಕೊಟ್ಟಿದ್ದು. ನಮ್ಮ ಮನ್ಯಾಗ ಯಾರೂ ಮುಟ್ಟಲಿಲ್ಲ. ಒಗ್ಗರಣಿ ಕೊಟ್ಟು ನಿಮ್ಮ ಬಟ್ಟಲಕ್ಕ ಹಾಕಿ ತಂದೆ. ನಿಮ್ಮ ಅತ್ತಿಗೆ ಹೇಳಬ್ಯಾಡ ಮತ್ತ."

ಅಲ್ಲಿಂದ ಬಾನುಬಿಯ ಮನೆಗೆ ಹೋಗಿ ಕೇಳಿದರೆ ಅವಳು ಹಣೆ ಚಚ್ಚಿಕೊಂಡಳು. "ಯಾ ಅಲ್ಲಾ! ಮುಂಜಾನೆ ನಿಮ್ಮ ಅತ್ತಿನ ಕೊಟ್ಟು ಹೋದ್ರಲ್ಲವಾ? ನಮ್ಮ ಮಂದಿಗೆ ಸಪ್ಪಗಾತು. ಶಂಕ್ರೆವ್ವನ ಬಟ್ಟಲಾ ಖಾಲಿ ಇತ್ತು, ಹಾಕಿ ಕಳಿಸಿದೆ. 'ಸೊಸಿಗೆ ಹೇಳಬ್ಯಾಡ' ಅಂದಿದ್ರು, ನೋಡು, ನಾನು ಹೇಳಿಬಿಟ್ಟೆ!"

ವಾಣಿಶ್ರೀ ನಗು ನುಂಗಿಕೊಂಡು ಮನೆಗೆ ಬಂದಳು. ಅತ್ತೆ ಬಟ್ಟಲಿನ ತಳ ಕೆರೆಯುತ್ತಿದ್ದಳು.

"ಏನಂದ್ಲು?"

"ಬಾನುಬಿಯವರು ಕೊಟ್ಟಿದ್ದಂತ್ರಿ."

"ಹೌದಾ? ಅಕಿಗೆ ಯಾರು ಕೊಟ್ರಂತ?"

"ನೀವಾ ಅಂತ್ರಿ ಅತ್ತಿ. ಮುಂಜಾನೆ."

ಸಾವಿತ್ರೆವ್ವನ ಕೈ ಅಲ್ಲೇ ನಿಂತಿತು. ಬಟ್ಟಲು ನೋಡಿದಳು, ಸೊಸೆಯನ್ನು ನೋಡಿದಳು. ಬೆರಳಿಗೆ ಹತ್ತಿದ್ದನ್ನು ನಿಧಾನವಾಗಿ ನೆಕ್ಕಿದಳು.

"ಚಲೋ ಆಗೇತಿ," ಎಂದಳು ಕಡೆಗೆ, ಗೋಡೆಯ ಕಡೆ ಮುಖ ಮಾಡಿ. "ಫ್ರಿಜ್ಜಿನ್ಯಾಗ ಇನ್ನೂ ಐತೇನು?"

"ಐತ್ರಿ. ಆದರ ಅದು ಹಲ್ಲು ಬರದ ಕೂಸಿಗೆ ಅಂತ ಇಟ್ಟೇನಿ."

ಸಾವಿತ್ರೆವ್ವ ಸೊಸೆಯತ್ತ ತಿರುಗಿ ದೊಡ್ಡದಾಗಿ ಬಾಯಿ ತೆರೆದು ತೋರಿಸಿದಳು. ಮೇಲೆ ಎರಡು ಹಲ್ಲು, ಕೆಳಗೆ ಒಂದು.