ಎರಡು ಮುಳ್ಳು

"ನಿಲ್ಲಿಸೋ, ಅದು ಹಾಡಿಸೋ ಮುಳ್ಳಲ್ಲ!" ಎಂದು ಅಕ್ಕ ಕೂಗುವಷ್ಟರಲ್ಲಿ ತಮ್ಮ ಫೋನೋಗ್ರಾಫಿನ ಮುಳ್ಳನ್ನು ಮೇಣದ ಉರುಳೆಯ ಮೇಲೆ ಇಳಿಸಿಯಾಗಿತ್ತು. ಅಜ್ಜಿ ಬಿಟ್ಟುಹೋದ ಆ ಯಂತ್ರಕ್ಕೆ ಎರಡು ಮುಳ್ಳುಗಳಿದ್ದವು. ಒಂದು ದನಿ ಕೇಳಿಸಲು, ಇನ್ನೊಂದು ಮೇಣವನ್ನು ಕೊರೆದು ದನಿ ಹಿಡಿಯಲು. ಅಜ್ಜಿಯ ಜೋಗುಳ ಉಳಿದಿದ್ದುದು ಆ ಉರುಳೆಯೊಂದರಲ್ಲೇ.

"ಹೌದಮ್ಮ, ನೀನೊಬ್ಬಳೇ ಎಲ್ಲಾ ಬಲ್ಲವಳು. ಅವಳು ನಂಗೂ ಅಜ್ಜೀನೇ ಕಣೇ, ಪುಕ್ಕಲಿ" ಎಂದು ಅವನು ನಗುತ್ತ, ಮುಳ್ಳೆತ್ತಲು ಚಾಚಿದ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

"ಹಾಳಾಗ್ತಿದೆ, ಬಿಡೋ!" ಎಂದು ಅವಳು ಕಿರುಚಿದಳು. ಉರುಳೆ ತಿರುಗುತ್ತಲೇ ಇತ್ತು. ಕಂದು ಮೇಣ ನೂಲಿನಂತೆ ಎಳೆಎಳೆಯಾಗಿ ಎದ್ದು ಬರುತ್ತಿತ್ತು.

ಯಂತ್ರ ನಿಂತಾಗ ಅವನು ಬಗ್ಗಿ ನೋಡಿದ. "ಅದಕ್ಕೇ ಏನೂ ಕೇಳಿಸಲಿಲ್ಲ. ಎಷ್ಟು ಕೊಳೆ ಕೂತಿತ್ತು ನೋಡಕ್ಕ" ಎಂದು ಆ ಎಳೆಗಳನ್ನು ಉಫ್ ಎಂದು ಊದಿಬಿಟ್ಟ.