ಬಾಣಂತಿಗೆ ಮಲ್ಲಿಗೆ ಬೇಡ

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಜ್ವರ ಬಿಡುವವರೆಗೆ ತಾಯಿ ಅದರ ಹತ್ತಿರ ಹೋಗುವಂತಿರಲಿಲ್ಲ. ಅವಳು ಮನೆಯಲ್ಲೇ ಪಂಪು ಹಿಡಿದು ಕೂತು ಹಾಲು ತೆಗೆಯುತ್ತಿದ್ದಳು. ಗಂಡ ಅದನ್ನು ಐಸಿನ ಡಬ್ಬಿಯಲ್ಲಿಟ್ಟು ಆಸ್ಪತ್ರೆಗೆ ಒಯ್ಯುತ್ತಿದ್ದ.

ಎಷ್ಟು ಹೊತ್ತು ಕೂತರೂ ಬಾಟಲಿಯ ತಳ ಮುಚ್ಚುವಷ್ಟೇ ಹಾಲು. ಅತ್ತೆ ಸಬ್ಬಸಿಗೆ ಸೊಪ್ಪಿನ ಪಲ್ಯ, ಸುಟ್ಟ ಬೆಳ್ಳುಳ್ಳಿ, ಮೆಂತ್ಯದ ಗಂಜಿ ಮಾಡಿ, ಪಕ್ಕದಲ್ಲೇ ಕೂತು ತಿನ್ನಿಸುತ್ತಿದ್ದರು. ಹೂವಿನವಳು ಬಾಗಿಲಿಗೆ ಬಂದರೆ ಮಾತ್ರ ಗದರಿ ಅಟ್ಟುತ್ತಿದ್ದರು.

"ಒಂದು ಮೊಳ ತಗೊಳ್ಳಿ ಅತ್ತೆ. ತಲೆಗೆ ಹೂವು ಮುಡಿದು ಎಷ್ಟು ದಿನ ಆಯ್ತು!"

"ಮಲ್ಲಿಗೆ ಈ ಹೊಸಲು ದಾಟಬಾರದು. ಹಾಲು ಬತ್ತಲಿ ಅಂತ ಎದೆಗೆ ಕಟ್ಟೋ ಹೂವಮ್ಮ ಅದು. ಮಗು ಎದೆಹಾಲು ಬಿಡ್ಲಿ, ಆಮೇಲೆ ಬುಟ್ಟಿಗಟ್ಟಲೆ ಮುಡ್ಕೊ."

ಆ ದಿನ ಬೆಳಿಗ್ಗೆ ಎದೆ ಬಿಗಿದು ಬಂತು. ಬಾಟಲಿ ಮೊದಲ ಸಲ ಕತ್ತಿನವರೆಗೆ ತುಂಬಿತು. ಅಷ್ಟರಲ್ಲಿ ಆಸ್ಪತ್ರೆಯಿಂದ ಗಂಡನ ಸ್ಕೂಟರ್ ಬಂದು ನಿಂತಿತು. ಜಗಲಿಯಲ್ಲಿ ಅತ್ತೆ, ಗಂಡ ತಗ್ಗಿದ ದನಿಯಲ್ಲಿ ಏನೋ ಮಾತಾಡಿದರು. ಆಮೇಲೆ ಹೂವಿನವಳನ್ನು ಅತ್ತೆಯೇ ಕೂಗಿ ಕರೆದದ್ದು ಕೇಳಿಸಿತು.

"ಅತ್ತೆ, ನೋಡಿ ಬನ್ನಿ! ಬಾಟಲಿ ತುಂಬಿದೆ. ಬೇಗ ಕಳಿಸಿ."

ಅತ್ತೆ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಬಾಟಲಿಯ ಕಡೆ ನೋಡಲಿಲ್ಲ. ಅವರ ಕೈಯಲ್ಲಿ ಮಲ್ಲಿಗೆಯ ಮಾಲೆಯಿತ್ತು.

ಹಾಲು ಬಂದ ಖುಷಿಗೆ ತಂದಿದ್ದಾರೆಂದು ಅವಳು ನಕ್ಕು, ಬೆನ್ನು ತಿರುಗಿಸಿ ತಲೆ ಬಗ್ಗಿಸಿದಳು.

"ಈ ಕಡೆ ತಿರುಗಮ್ಮ" ಎಂದರು ಅತ್ತೆ. "ಇದು ತಲೆಗಲ್ಲ."